ಬಣ್ಣ ತಿರುಗದ ಗಾಜು

ಮಹದೇವಿ ತಯಾರಿಸಿದ್ದ ಗಾಜಿನ ಮೇಲೆ ಸಿಲಿಕಾದ ತೆಳುವಾದ ಲೇಪವಿತ್ತು. ಲೇಪದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಕುಡಿದವರು ಊದಿದರೆ ಮದ್ಯದ ಆವಿ ಆ ರಂಧ್ರಗಳಿಗೆ ಇಳಿದು, ನೀಲಿ ಗಾಜು ಹಸಿರಾಗುತ್ತಿತ್ತು.

ವಿಶ್ವವಿದ್ಯಾಲಯದಲ್ಲಿ ಅದರ ಪ್ರದರ್ಶನದ ದಿನ ಅವಳ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತ. ಕುಡಿತ ಬಿಟ್ಟಿದ್ದೇನೆಂದು ಅವನು ವರ್ಷದಿಂದ ಹೇಳುತ್ತಿದ್ದ, ಅವಳು ನಂಬಿರಲಿಲ್ಲ. ಈಗ ಹತ್ತಿರ ಹೋದರೆ ಹೆಂಡದ ವಾಸನೆ ಮೂಗಿಗೆ ಬಡಿಯಿತು. ನಾಚಿಕೆಯಿಂದ ಅವಳ ಮುಖ ಕಪ್ಪಿಟ್ಟಿತು.

"ಮೊದ್ಲು ನಾನೇ ಊದ್ತೀನಿ ಕಣವ್ವ," ಎಂದು ಅಪ್ಪ ಎದ್ದೇಬಿಟ್ಟ.

"ಬೇಡಪ್ಪ, ಕೂತ್ಕೋ."

"ಊದಲಿ ಬಿಡಮ್ಮ," ಎಂದರು ಪ್ರೊಫೆಸರ್.

ಇಷ್ಟು ಜನರ ಮುಂದೆ ಮರ್ಯಾದೆ ಹೋಗುತ್ತದೆಂದು ಹೆದರಿ ಅವಳು ಸದ್ದಿಲ್ಲದೆ ಗಾಜನ್ನು ಬದಲಿಸಿದಳು. ಹೋಲಿಸಿ ತೋರಿಸಲೆಂದು ತಂದಿದ್ದ ಈ ಇನ್ನೊಂದು ಗಾಜೂ ನೀಲಿಯೇ, ಆದರೆ ಅದರ ಲೇಪದಲ್ಲಿ ರಂಧ್ರಗಳಿರಲಿಲ್ಲ.

ಅಪ್ಪ ಕೆನ್ನೆ ಉಬ್ಬಿಸಿ ಊದಿದ. ಗಾಜು ನೀಲಿಯಾಗಿಯೇ ಉಳಿಯಿತು.

"ನಿಮ್ಮ ತಂದೆ ಪಾಸು!" ಎಂದು ಪ್ರೊಫೆಸರ್ ನಕ್ಕರು. ಜನ ಚಪ್ಪಾಳೆ ತಟ್ಟಿದರು. ಅಪ್ಪನೊಬ್ಬ ನಗಲಿಲ್ಲ. ಗಾಬರಿಯಿಂದ ಮತ್ತೆ ಮತ್ತೆ ಊದಿದ. ಕೊನೆಗೆ ಅವಳೇ ರಟ್ಟೆ ಹಿಡಿದು ಹೊರಗೆ ಕರೆತಂದಳು.

"ನನ್ನ ಮಾನ ಕಳೀಬೇಕು ಅಂತಲೇ ಕುಡಿದು ಬಂದ್ಯಾ?"

ಅಪ್ಪ ತಲೆ ತಗ್ಗಿಸಿದ. "ಬಿಟ್ಟು ವರ್ಷ ಆಗಿತ್ತು ಕಣವ್ವ. ಕುಡಿದೋನು ಒಬ್ಬನೂ ಇಲ್ದಿದ್ರೆ ನಿನ್ ಗಾಜು ಬಣ್ಣ ತಿರುಗೋದು ಹೆಂಗೆ ಅಂತ, ಇವತ್ತೊಂದು ಗುಟುಕು ಹಾಕ್ಕಂಡು ಬಂದೆ."