ಶಿವಲೀಲಾಳ ಗುಳಿಗೆ ಪೆಟ್ಟಿಗೆ

ಹೇಗೆ ನುಂಗಬೇಕೆಂದು ರೋಗಿಗಳು ತಮ್ಮದೇ ಮಾತಿನಲ್ಲಿ ಹೇಳಿದರಷ್ಟೇ, ಆಸ್ಪತ್ರೆಯವರು ಮನೆಗೆ ಕೊಟ್ಟು ಕಳಿಸುವ ಗುಳಿಗೆ ಪೆಟ್ಟಿಗೆ ತೆರೆಯುತ್ತದೆ. ಅದಕ್ಕೆ ಜನರ ಮಾತು ಕಲಿಸುವುದರಲ್ಲೇ ಸಂಶೋಧಕಿ ಜುಬೇದಾ ನದಾಫರ ತಲೆ ನರೆತಿತ್ತು.

ರೋಣದ ಆಸ್ಪತ್ರೆಯಲ್ಲಿ ಪಾರವ್ವ ಎಂದಿನಂತೆ ಪೆಟ್ಟಿಗೆಯತ್ತ ಬಾಗಿದಳು. "ನಮ್ಮ ಸೊಸಿಗೆ ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ರಿ. ಯಾವಾಗ್ಲೂ ನಾನೇ ಹೇಳಾಕಿ."

"ಇದು ಹೊಸಾ ಪೆಟ್ಟಿಗಿ, ಇದಕ್ಕ ಕಣ್ಣೈತಿ, ಕೈಸನ್ನಿನೂ ತಿಳೀತೈತಿ. ಇವತ್ತ ಆಕೀನೇ ಹೇಳ್ಲಿ ಬಿಡ್ರಿ ಯವ್ವಾ," ಎಂದು ಜುಬೇದಾ, ಪಕ್ಕದಲ್ಲಿದ್ದ ಸೊಸೆ ಶಿವಲೀಲಾಳಿಗೆ ಸನ್ನೆ ಮಾಡಿದರು.

ಶಿವಲೀಲಾ ಕೈಯೆತ್ತಿದಳು. ಅವಳ ಬೆರಳುಗಳಲ್ಲಿ ಸೂರ್ಯ ಹುಟ್ಟಿದ, ರೊಟ್ಟಿ ಮುರಿಯಿತು, ಗುಳಿಗೆಯೊಂದು ಬಾಯಿಗೆ ಹೋಯಿತು. ಸೂರ್ಯ ಮುಳುಗಿದ, ಇನ್ನೊಂದು ಹೋಯಿತು.

ಮುಚ್ಚಳ ಟಪ್ಪೆಂದು ತೆರೆಯಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಜುಬೇದಾ ಮಾತ್ರ ಶಿವಲೀಲಾಳಿಗೆ ಕಾಣುವಂತೆ ಎರಡೂ ಅಂಗೈ ಮೇಲೆತ್ತಿ ಅಲ್ಲಾಡಿಸಿದರು; ಕಿವಿ ಕೇಳದವರ ಚಪ್ಪಾಳೆ ಅದು.

ಪಾರವ್ವ ರೂಢಿಯಂತೆ ಪೆಟ್ಟಿಗೆಗೆ ಕೈ ಚಾಚಿದಳು. ಶಿವಲೀಲಾ ಅದನ್ನು ತನ್ನ ಚೀಲಕ್ಕೇ ಇಳಿಸಿಕೊಂಡು, ಅತ್ತೆಗಿಂತ ಮುಂದೆ ನಡೆದಳು.