ಗೆದ್ದ ಮದ್ದು

ಯಾವ ರೋಗಕ್ಕೆ ಯಾವ ಮದ್ದೆಂದು ಆಯಾ ತಾಲ್ಲೂಕಿನ ಜನರೇ ಮತ ಹಾಕಿ ಆರಿಸುವ ಕಾಲ. ನಾಯಿ ಕಡಿತಕ್ಕೆ ಆ ವರ್ಷ ಬೇರಿನ ಕಷಾಯ ಗೆದ್ದು, ಆಸ್ಪತ್ರೆಯಿಂದ ಚುಚ್ಚುಮದ್ದು ಹೊರಟುಹೋಗಿತ್ತು. ಹುಚ್ಚುನಾಯಿ ಕಚ್ಚಿದ ತಮ್ಮ ಫಾಲಾಕ್ಷನನ್ನು ನರ್ಸ್ ಸರ್ವಮಂಗಳೆ ಬೇಡಿಕೊಂಡಳು.

“ಪಕ್ಕದ ತಾಲ್ಲೂಕಲ್ಲಿ ಇಂಜೆಕ್ಷನ್ನೇ ಗೆದ್ದಿದೆ ಕಣೋ. ಏಳು, ಹೋಗೋಣ.”

“ಅಷ್ಟು ಜನ ಓಟು ಹಾಕಿದ್ದು ಸುಳ್ಳಾಗುತ್ತಾ ಅಕ್ಕ?”

“ನಂಜಿಗೆ ನಿಮ್ಮ ಓಟು ಗೊತ್ತಾಗುತ್ತೇನೋ?”

ಅವನು ನಕ್ಕು ಕಷಾಯ ಕುಡಿದ. ಗಾಯ ಮಾಯ್ದಾಗ ಊರೆಲ್ಲ ಅವನನ್ನೇ ಸಾಕ್ಷಿಯೆಂದು ತೋರಿಸಿತು. ವಾದಿಸಿ ಸೋತ ಅವಳೂ ಪಕ್ಕದ ತಾಲ್ಲೂಕಿನ ಮಾತು ಬಿಟ್ಟಳು.

ಕೆಲವು ವಾರಗಳ ಮೇಲೆ, ನೀರು ಕಂಡರೆ ಅವನ ಗಂಟಲು ಬಿಗಿಯತೊಡಗಿತು.

“ಅಕ್ಕ, ಈಗ ಹೋಗೋಣ್ವಾ?”

ನಂಜು ತಲೆಗೇರಿದ ಮೇಲೆ ಇನ್ನು ಯಾವ ತಾಲ್ಲೂಕಿನಲ್ಲೂ ಮದ್ದಿಲ್ಲವೆಂದು ಬಲ್ಲ ಸರ್ವಮಂಗಳೆ, “ಹೋಗೋಣಪ್ಪ” ಎನ್ನುತ್ತ ಅವನ ಚಪ್ಪಲಿ ಹುಡುಕತೊಡಗಿದಳು.