ಲಭ್ಯತೆಗೆ ಒಳಪಟ್ಟು

ರಾಜೇಶ್ವರಮ್ಮ ಮೊರದ ತುಂಬ ಒಣಮೆಣಸಿನಕಾಯಿ ಹರವಿಕೊಂಡು ತೊಟ್ಟು ಮುರಿಯುತ್ತಿದ್ದರು. ಊಟಕ್ಕೆಂದು ಪಂಪ್‌ಸೆಟ್ ಅಂಗಡಿಯಿಂದ ಬಂದಿದ್ದ ಗಂಡ ಮಹಾಂತೇಶಪ್ಪ ತಟ್ಟೆಯ ಮುಂದೆ ಕೂರುವ ಬದಲು ಫೋನಿನ ಸ್ಪೀಕರ್ ಹಾಕಿ, ಕ್ರೆಡಿಟ್ ಕಾರ್ಡಿನವರ ಜೊತೆ ಮತ್ತೆ ಜಗಳಕ್ಕೆ ಇಳಿದಿದ್ದರು.

"ಸರ್, ದಾರೀಲಿ ಕೆಟ್ಟ ಗಾಡಿ ಎಳೆದು ತರೋ ಸೇವೆ ಲಭ್ಯತೆಗೆ ಒಳಪಟ್ಟಿರುತ್ತೆ. ಖಾತ್ರಿ ಅಲ್ಲ ಅಂತ ನಿಯಮದಲ್ಲೇ ಇದೆ," ಎಂದಿತು ಆ ಕಡೆಯ ಹುಡುಗಿಯ ದನಿ.

"ಕಾರ್ಡ್ ಕೊಡೋವಾಗ ಯಾಕಮ್ಮ ಹೇಳ್ಲಿಲ್ಲ ಇದನ್ನ? ಎಲ್ಲಿ ನಿಂತರೂ ಬರ್ತೀವಿ ಅಂದ್ರು. ವರ್ಷ ವರ್ಷ ಫೀಸು ಇಸ್ಕೊಳ್ಳೋದು ಮಾತ್ರ ಲಭ್ಯತೆಗೆ ಒಳಪಟ್ಟಿಲ್ಲ, ಅಲ್ವಾ? ತಪ್ಪು ನಮ್ದು ಅಂತ ಒಂದು ಕಾಗದ ಬರೆದು ಕೊಡ್ರಿ, ಸಾಕು."

"ಒಂದ್ನಿಮಿಷ ಇರಿ ಸರ್," ಎಂದು ಹುಡುಗಿ ಕಾಯಿಸುವಾಗಿನ ಹಾಡು ಹಾಕಿದಳು. ಮಹಾಂತೇಶಪ್ಪ ಫೋನನ್ನು ಅಂಗೈಯಲ್ಲಿ ಹಿಡಿದು ಕಾದರು. ರಾಜೇಶ್ವರಮ್ಮನಿಗೆ ಆ ಹಾಡು ಈಗ ಬಾಯಿಪಾಠವಾಗಿತ್ತು. ಮಳೆಗಾಲ ಮುಗಿದಾಗಿನಿಂದ ಕೇಳುತ್ತಿದ್ದರು.

ಮಳೆಗಾಲದ ಕೊನೆಗೇ ಸೊರಬದ ಉಳವಿಯಲ್ಲಿ ಮಹಾಂತೇಶಪ್ಪನವರ ಅಕ್ಕ ತೀರಿಕೊಂಡಿದ್ದು. ಸುದ್ದಿ ಬಂದ ಕೂಡಲೇ ಇಬ್ಬರೂ ಕಾರಿನಲ್ಲಿ ಹೊರಟಿದ್ದರು. ಶಿರಾಳಕೊಪ್ಪ ದಾಟಿದ ಮೇಲೆ ಕಾರು ಕೆಮ್ಮಿ ನಿಂತಿತು. ಕಾರ್ಡಿನ ನಂಬರಿಗೆ ಫೋನು ಮಾಡಿದರೆ, ಗಂಟೆಯೊಳಗೆ ಗಾಡಿ ಬರುತ್ತದೆ ಎಂದರು. ಅಷ್ಟರಲ್ಲಿ ಸೊರಬದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ, "ಹತ್ರಿ ಸಾವ್ಕಾರ್ರೆ, ಜಾಗ ಐತಿ," ಎಂದ.

"ನೀನು ಹೋಗಿರು," ಎಂದರು ಮಹಾಂತೇಶಪ್ಪ. "ಈಗ ಬಂದೇ ಬಿಡ್ತಾರೆ. ಸುಮ್ನೆ ಕೊಟ್ಟ ಕಾರ್ಡಲ್ಲ ಇದು."

"ಕಾರೇನು ಓಡಿ ಹೋಗುತ್ತಾ? ಅಕ್ಕನೋರ ಮುಖ ಸಿಗಲ್ರೀ ಆಮೇಲೆ."

"ನಿನ್ನ ಹಿಂದೇನೇ ಬರ್ತೀನಿ. ಅಷ್ಟು ಜನರ ಎದುರಿಗೆ ಬಸ್ಸಲ್ಲಿ ಹೋಗಿ ಇಳೀಲಾ?"

ಅವರೇ ಬಸ್ಸಿನ ಮೈ ತಟ್ಟಿ, "ರೈಟ್," ಎಂದಿದ್ದರು. ಕಾರ್ಡಿನ ವಿಷಯದಲ್ಲಿ ಅಕ್ಕ ಯಾವಾಗಲೂ ಚುಡಾಯಿಸುತ್ತಿದ್ದಳು: "ಅಷ್ಟು ದುಡ್ಡು ಕಟ್ತೀಯಲ್ಲೋ ತಮ್ಮಾ, ಸೇರು ಅಕ್ಕಿನಾದ್ರೂ ಕೊಡ್ತಾರಾ?" ಅದೂ ಮನಸ್ಸಿನಲ್ಲಿ ಇತ್ತೋ ಏನೋ.

ಉಳವಿಯಲ್ಲಿ ಭಾವ ಪರಮಶಿವಪ್ಪ ಕುಣಿಯ ಪಕ್ಕದಲ್ಲಿ ನಿಂತು, ಇವಳ ತವರಿನ ಕಡೆಯಿಂದ ಉಳಿದವನು ಈ ತಮ್ಮನೊಬ್ಬನೇ, ಬರಲಿ ಎಂದು ಎಲ್ಲರನ್ನೂ ಕಾಯಿಸಿದರು. ಹೊತ್ತು ಇಳಿಯಿತು. ಇನ್ನು ತಡ ಮಾಡಬಾರದು ಎಂದು ಅಯ್ಯನವರು ಹೇಳಿದ ಮೇಲೆ ರಾಜೇಶ್ವರಮ್ಮನೇ ತನ್ನದೊಂದು, ಗಂಡನದೊಂದು ಹಿಡಿ ಮಣ್ಣು ಹಾಕಿದರು. ಕಿವಿ ಪೂರ್ತಿ ಮಂದವಾಗಿದ್ದ ಪರಮಶಿವಪ್ಪನವರ ಹತ್ತಿರ ಬಾಗಿ, "ಕಾರು ಕೆಡ್ತು ಅಣ್ಣ, ಬೇರೆ ಗಾಡಿನೇ ಸಿಗ್ಲಿಲ್ಲ," ಎಂದು ಕೂಗಿ ಹೇಳಿದರು. "ಪಾಪ, ಒಬ್ಬನೇ ರಸ್ತೇಲಿ ಎಷ್ಟು ಒದ್ದಾಡಿದ್ನೋ," ಎಂದು ಆ ಮುದುಕ ಮರುಗಿದ್ದರು. ಎಳೆದೊಯ್ಯುವ ಗಾಡಿ ಬರಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಯಾರದೋ ಟೆಂಪೋದಲ್ಲಿ ಬಂದಿಳಿದ ಮಹಾಂತೇಶಪ್ಪ ಭಾವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಆಮೇಲೂ ಉಳವಿಯ ಕಡೆ ತಲೆ ಹಾಕಲಿಲ್ಲ. ಫೋನಿನಲ್ಲಿ ಹೇಳಿದರೆ ಭಾವನಿಗೆ ಕೇಳಿಸುವುದಿಲ್ಲ. ಕಾಗದವನ್ನೇ ಬರೆಯಬೇಕು. ಅದನ್ನೂ, ಕಾರ್ಡಿನವರು ಮೊದಲು ತಪ್ಪು ಒಪ್ಪಿಕೊಳ್ಳಲಿ, ಅವರ ಕಾಗದವನ್ನೂ ಜೊತೆಗಿಟ್ಟು ಕಳಿಸುತ್ತೇನೆ ಎಂದು ಮುಂದೂಡುತ್ತಲೇ ಬಂದಿದ್ದರು.

ಹಾಡು ನಿಂತಿತು. "ಸರ್, ನಿಮಗಾದ ತೊಂದರೆಗೆ ಎರಡು ಸಾವಿರ ರಿವಾರ್ಡ್ ಪಾಯಿಂಟ್ ಹಾಕ್ತಿದೀವಿ. ಈಗ ಸಮಾಧಾನ ಆಯ್ತಾ ಸರ್?"

"ಅದಕ್ಕೆ ಏನು ಬರುತ್ತಮ್ಮ?"

"ಸೂಟ್‌ಕೇಸ್ ತಗೋಬಹುದು ಸರ್. ಇಸ್ತ್ರಿ ಪೆಟ್ಟಿಗೆ ಇದೆ, ನೀರಿನ ಬಾಟ್ಲಿ ಸೆಟ್ ಇದೆ…"

ಹುಡುಗಿ ಇನ್ನೂ ಓದುತ್ತಲೇ ಇದ್ದಳು. ಮಹಾಂತೇಶಪ್ಪ ಹೆಂಡತಿಯ ಕಡೆ ನೋಡಿದರು. ರಾಜೇಶ್ವರಮ್ಮ ತಲೆ ಎತ್ತಲಿಲ್ಲ.

"ಬೇಡ ಬಿಡಮ್ಮ. ನಿಂದೇನೂ ತಪ್ಪಿಲ್ಲ," ಎಂದು ಅವರು ಫೋನು ಇಟ್ಟರು.

ಒಳಗೆ ಹೋಗಿ ಪೆನ್ನು, ಹಾಳೆ ತಂದರು. ಬರೆದಿದ್ದಕ್ಕಿಂತ ಗೋಡೆ ನೋಡಿದ್ದೇ ಹೆಚ್ಚು. ಮುಗಿಸಿ ಹೆಂಡತಿಯ ಮುಂದೆ ಹಿಡಿದರು. ಕೈಯೆಲ್ಲ ಖಾರವಾಗಿದ್ದರಿಂದ ರಾಜೇಶ್ವರಮ್ಮ ಹಾಳೆ ಮುಟ್ಟದೆ ಅಲ್ಲಿಂದಲೇ ಓದಿದರು.

'ಭಾವ, ಅವತ್ತು ಬಸ್ಸು ನಿಂತಿತ್ತು. ಕರೆದರೂ ನಾನು ಹತ್ತಲಿಲ್ಲ. ಇವಳು ನಿಮಗೆ ಬೇರೆ ಹೇಳಿದ್ದು ನನ್ನ ಮರ್ಯಾದೆ ಉಳಿಸೋಕೆ.'

ಕಾರ್ಡಿನ ಮಾತು ಎಲ್ಲೂ ಇರಲಿಲ್ಲ.

"ಊಟ ಮಾಡಿ ಹೋಗ್ರಿ," ಎಂದರು ರಾಜೇಶ್ವರಮ್ಮ. ಮಹಾಂತೇಶಪ್ಪ ಆಗಲೇ ಕವರು ಅಂಟಿಸಿ ಚಪ್ಪಲಿ ಮೆಟ್ಟಿದ್ದರು. ಬೀದಿಯ ಕೊನೆಯ ಅಂಚೆ ಡಬ್ಬಕ್ಕೆ ಹೋಗಿ ಬರಲು ಬೇಕಾಗಿದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು.

"ಹಾಕಿದ್ರಾ?"

"ಹ್ಞೂಂ." ಮಹಾಂತೇಶಪ್ಪ ಹೊಸ್ತಿಲಲ್ಲೇ ನಿಂತರು. "ಡಬ್ಬ ಖಾಲಿ ಇತ್ತು ಅನ್ಸುತ್ತೆ. ಬಿದ್ದಿದ್ದು ಕೇಳಿಸ್ತು."